ಸೊರಟೂರಿನಲ್ಲಿ ಸತ್ತವರೆಷ್ಟು?

ಹರಿಹರದ ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ‘ದಾವಣಗೆರೆ 25’ ಎಂದು ಗುರುತಾಗಿರುವ ಅವನ ಶಾಸನ, ದೇವರ ಜೊತೆಗೆ ಒಂದು ಕಾಳಗವನ್ನೂ ಕೊಂಡಾಡುತ್ತದೆ. ನರಸಿಂಹನ ತಂದೆ ವೀರಬಲ್ಲಾಳ ಸೊರಟೂರಿನಲ್ಲಿ ಸೇವುಣರ ಎರಡು ಲಕ್ಷ ಕಾಲಾಳು, 12,000 ಕುದುರೆಯ ದಂಡನ್ನು ಮುರಿದು, ಕೃಷ್ಣವೇಣಿಯ, ಅಂದರೆ ಕೃಷ್ಣೆಯ, ದಡದವರೆಗೂ ಅಟ್ಟಿಸಿಕೊಂಡು ಹೋಗಿ ಕಡಿದನಂತೆ.

ಸೊರಟೂರು ಗದಗಿನ ಸೀಮೆಯ ಊರು. ಕಾಳಗ ನಡೆದದ್ದು 1190ರ ಆಸುಪಾಸು. ಕಲ್ಯಾಣದ ಚಾಲುಕ್ಯರ ಆಳ್ವಿಕೆ ಕುಸಿಯುತ್ತಿತ್ತು. ಅವರ ಸಾಮಂತರಾಗಿದ್ದ ಹೊಯ್ಸಳರು, ಸೇವುಣರು ಇಬ್ಬರೂ ಗದಗಿನ ಸುತ್ತಲ ಬೆಳ್ವೊಲದ ನೆಲಕ್ಕೆ ಕೈಹಾಕಿದ್ದರು. ಇಬ್ಬರೂ ಕನ್ನಡದಲ್ಲಿ ಶಾಸನ ಹಾಕಿಸಿದವರೇ. ಹಿರಿಯರು ಕಣ್ಣುಮುಚ್ಚುತ್ತಲೇ ದಾಯಾದಿಗಳು ಹೊಲದ ಬದುವಿಗೆ ಬಡಿದಾಡಿದಂತೆ ಇದು.

ಸತ್ತವರೆಷ್ಟು? ಎರಡು ಲಕ್ಷವೆನ್ನುವುದು ದಂಡಿನ ಲೆಕ್ಕ, ಹೆಣದ ಲೆಕ್ಕವಲ್ಲ. ಓದುವ ಭರದಲ್ಲಿ ಎರಡೂ ಕಲೆಸಿಹೋಗುತ್ತವೆ. ಕಾಳಗವಾಗಿ ಮೂವತ್ತು ವರ್ಷ ಕಳೆದ ಮೇಲೆ, ಗೆದ್ದವನ ಮಗನ ಆಳ್ವಿಕೆಯಲ್ಲಿ ಬರೆಸಿದ್ದು ಬೇರೆ.

ದಂಡಿನ ಲೆಕ್ಕವನ್ನಾದರೂ ನಂಬಬಹುದೇ? ಆಳಿಗೆ ದಿನಕ್ಕೆ ಮುಕ್ಕಾಲು ಕಿಲೋ ಜೋಳ ಹಿಡಿದರೂ ಎರಡು ಲಕ್ಷ ಮಂದಿಗೆ 1,500 ಕ್ವಿಂಟಾಲ್ ಆಯಿತು. ಒಂದೊಂದು ಹೇರೆತ್ತಿನ ಮೇಲೆ ಒಂದು ಕ್ವಿಂಟಾಲ್ ಹೇರಿದರೆ ದಿನಬೆಳಗಾದರೆ 1,500 ಎತ್ತು ಬಂದಿಳಿಯಬೇಕು. ಅವಕ್ಕೂ ಮೇವು ಬೇಕು. ಕುದುರೆಗೆ 25 ಲೀಟರಿನಂತೆ ನಿತ್ಯ ಮೂರು ಲಕ್ಷ ಲೀಟರ್ ನೀರು. ಹರಿಹರದಲ್ಲಾದರೆ ತುಂಗಭದ್ರೆ ಇದೆ. ಸೊರಟೂರಿನ ಎರೆನೆಲದಲ್ಲಿ ಕೆರೆಬಾವಿಗಳೇ ಗತಿ. ಪರ್ಷಿಯಾದ ಕ್ಸರ್ಕ್ಸಸನ ದಂಡಿಗೆ ಹೆರೊಡೋಟಸ್ ಕೊಟ್ಟ ಲಕ್ಷಗಳನ್ನು ಜರ್ಮನಿಯ ಹಾನ್ಸ್ ಡೆಲ್ಬ್ರೂಕ್ ಇಂಥದೇ ಲೆಕ್ಕದಿಂದ ತಳ್ಳಿಹಾಕಿದ: ಅಷ್ಟು ಜನ ಸಾಲುಹಿಡಿದು ನಡೆದರೆ ಸಾಲು ಎಷ್ಟು ಉದ್ದವಾದೀತು ಎಂದು ಅಳೆದ.

ಹಾಗೆಂದು ಶಾಸನವೆಲ್ಲ ಸುಳ್ಳಲ್ಲ. ಅಟ್ಟಿಸಿಕೊಂಡು ಹೋಗಿ ಕಡಿದದ್ದು ನಂಬತಕ್ಕ ಮಾತು. ಹಳೆಯ ಕಾಳಗಗಳಲ್ಲಿ ಎದುರುಬದುರು ನಿಂತಾಗ ಸತ್ತವರಿಗಿಂತ ಬೆನ್ನು ತೋರಿಸಿ ಓಡುವಾಗ ಸತ್ತವರೇ ಹೆಚ್ಚು. ಕೃಷ್ಣೆ ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಅಲ್ಲಿಯತನಕ ಅಟ್ಟಿದ್ದು ಮಾತ್ರ ಹೊಗಳಿಕೆಯೇ ಇರಬೇಕು. ಸತ್ತವರು ಲಕ್ಷಗಳಲ್ಲಲ್ಲ, ಸಾವಿರಗಳಲ್ಲಿ ಎನ್ನುವುದೇ ಸರಿಕಾಣುತ್ತದೆ. ಸಾವಿರಗಳೂ ಸಣ್ಣ ಸಂಕಟವಲ್ಲ.

ಕಡತಗಳಿದ್ದ ಕಡೆಯೂ ಇಂಥ ಎಣಿಕೆ ಸುಲಭವಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತವರು ಸುಮಾರು 6,20,000 ಎಂದೇ ಬಹುಕಾಲ ಹೇಳುತ್ತ ಬಂದಿದ್ದರು. 2011ರಲ್ಲಿ ಡೇವಿಡ್ ಹ್ಯಾಕರ್ ಜನಗಣತಿಯನ್ನು ಜಾಲಾಡಿ ಅದನ್ನು 7,50,000ದ ಹತ್ತಿರಕ್ಕೆ ತಂದರು.

ನಮ್ಮಲ್ಲಿ ಆ ಕಾಲದ ಜನಗಣತಿಯಿಲ್ಲ, ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವ ವೀರ, ಮೇಲೆ ಕೈಲಾಸದ ಲಿಂಗ. ಬರಹವಿದ್ದ ಕಲ್ಲಿನಲ್ಲಿ ಸತ್ತವನ ಹೆಸರು, ಊರು, ಕೆಲವೊಮ್ಮೆ ತಿಥಿವಾರವೂ ಸಿಗುತ್ತದೆ. ತುಂಗಭದ್ರೆಯಿಂದ ಕೃಷ್ಣೆಯವರೆಗೆ 1190ರ ಆಚೀಚಿನ ಕಲ್ಲುಗಳನ್ನು ಊರುವಾರು ಜೋಡಿಸಿದರೆ ಒಂದು ಕನಿಷ್ಠ ಲೆಕ್ಕ ಕೈಗೆ ಬರುತ್ತದೆ. ಕನಿಷ್ಠವೇ, ಯಾಕೆಂದರೆ ಕಲ್ಲು ನಿಲ್ಲಿಸಲು ಕಾಸಿಲ್ಲದ ಮನೆಯ ಕಾಲಾಳು ಅದರಲ್ಲಿ ಸೇರುವುದಿಲ್ಲ.