ಚುಕ್ಕಾಣಿ ಚಕ್ರದ ತೊಗಲು

ಚರಿತ್ರೆಯೆಂದೊಡನೆ ರಾಜವಂಶಗಳ ಏಳುಬೀಳುಗಳನ್ನೂ ಶಾಸನಗಳ ಕಾಲನಿರ್ಣಯವನ್ನೂ ನೆನೆಯುವುದು ನಮಗೆ ವಾಡಿಕೆಯಾಗಿರುವುದು. ಆದರೆ ಮನುಷ್ಯನ ಕೈ ದಿನಂಪ್ರತಿ ಮುಟ್ಟುವ ಸಾಮಾನ್ಯ ಪದಾರ್ಥಗಳಿಗೂ ಒಂದು ಚರಿತ್ರೆಯುಂಟು. ಮೋಟಾರು ಗಾಡಿಯನ್ನು ನಡೆಸುವ ಚಕ್ರವು ಅಂತಹ ಪದಾರ್ಥಗಳಲ್ಲಿ ಒಂದು. ಗಾಡಿಯಲ್ಲಿ ಕುಳಿತಿರುವಷ್ಟು ಹೊತ್ತೂ ಕೈ ಅದನ್ನು ಬಿಡುವಂತಿಲ್ಲ. ಆದುದರಿಂದ ಎಲ್ಲಕ್ಕಿಂತ ಮೊದಲು ಸವೆಯುವ ಭಾಗಗಳಲ್ಲಿ ಅದೂ ಒಂದಾಗಿರುವುದು. ಹೀಗೆ ಸವೆದ ಚಕ್ರಕ್ಕೆ ಹೊಸ ತೊಗಲನ್ನು ಹೊದಿಸಿ ಹೊಲಿಯುವ ಕಸುಬು ಇಂದಿಗೂ ನಡೆದಿದೆ. ಗಾಡಿಯ ಮಿಕ್ಕ ಭಾಗಗಳೆಲ್ಲ ಬಹುಮಟ್ಟಿಗೆ ಯಂತ್ರದ ಪಾಲಾಗಿರುವ ಕಾಲದಲ್ಲಿ ಈ ಒಂದು ಹೊಲಿಗೆ ಮಾತ್ರ ಕೈಗೆ ಉಳಿದದ್ದು ಹೇಗೆಂಬುದೇ ಪ್ರಕೃತ ಲೇಖನದ ವಿಷಯ.

ಚುಕ್ಕಾಣಿ ಎಂಬುದು ಹಡಗಿನವರ ಮಾತು. ಅದನ್ನು ಮೋಟಾರಿಗೆ ಬಳಸುವುದು ಚರಿತ್ರೆಗೆ ಒಪ್ಪುವುದೇ ಸರಿ. ಏಕೆಂದರೆ ಮೊದಮೊದಲಿನ ಗಾಡಿಗಳಲ್ಲಿ ಚಕ್ರವೇ ಇರಲಿಲ್ಲ. 1886ರಲ್ಲಿ ಕಾರ್ಲ್ ಬೆಂಜ್ ಎಂಬಾತನು ಜರ್ಮನಿಯಲ್ಲಿ ಹಕ್ಕುಪತ್ರ ಪಡೆದ ಮೂರು ಗಾಲಿಯ ಗಾಡಿಯನ್ನು ತಿರುಗಿಸುವುದಕ್ಕೆ ಇದ್ದುದು ಒಂದು ಹಿಡಿಗೋಲು ಮಾತ್ರ. ದೋಣಿಯ ಚುಕ್ಕಾಣಿಯ ದಂಡದಂತೆ ಅದನ್ನು ಅತ್ತಿತ್ತ ಸರಿಸಬೇಕಾಗಿದ್ದಿತು. ಗಾಡಿಯ ವೇಗವು ಅಲ್ಪವಾಗಿದ್ದಾಗ ಇದರಿಂದ ಬಾಧಕವಿರಲಿಲ್ಲ. ವೇಗ ಹೆಚ್ಚಿದಂತೆಲ್ಲ ಗಾಲಿಯು ಹಳ್ಳಕ್ಕೆ ಬಿದ್ದ ಪೆಟ್ಟು ನೇರವಾಗಿ ದಂಡಕ್ಕೆ ತಾಗಿ, ದಂಡವು ಕೈಯಿಂದ ಕಿತ್ತುಕೊಳ್ಳುವಂತಾಯಿತು. ಫ್ರಾನ್ಸಿನ ಪ್ರಸಿದ್ಧ ಗಾಡಿನಿರ್ಮಾಪಕನಾದ ಎಮಿಲ್ ಲೆವಸ್ಸೋರನು 1896ರಲ್ಲಿ ಪ್ಯಾರಿಸಿನಿಂದ ಮಾರ್ಸೇಲಿಗೆ ಹೋಗಿಬರುವ ಪಂದ್ಯದಲ್ಲಿ, ಅಡ್ಡಬಂದ ನಾಯಿಯೊಂದರಿಂದಾಗಿ ಗಾಡಿ ಮಗುಚಿ ಗಾಯಗೊಂಡು, ಮರುವರ್ಷ ತೀರಿಕೊಂಡನು.

ಅದಕ್ಕೆ ಎರಡು ವರ್ಷ ಮುಂಚೆಯೇ, 1894ರ ಜುಲೈ 22ರಂದು ಪ್ಯಾರಿಸಿನಿಂದ ರೂವಾಂ ಪಟ್ಟಣಕ್ಕೆ ನಡೆದ ಪಂದ್ಯದಲ್ಲಿ, ಆಲ್ಫ್ರೆಡ್ ವಾಷೆರೋನ್ ಎಂಬವನು ದಂಡದ ಬದಲು ಚಕ್ರವನ್ನು ಅಳವಡಿಸಿದ ಗಾಡಿಯನ್ನು ನಡೆಸಿದ್ದನು. ಚಕ್ರದ ಅನುಕೂಲವು ಎರಡು ಬಗೆಯದು: ಎರಡು ಕೈಗಳಿಗೂ ಅದರಲ್ಲಿ ಹಿಡಿತವುಂಟು, ನಡುವೆ ಹಲ್ಲುಗಾಲಿಯನ್ನೋ ತಿರುಪನ್ನೋ ಇಡುವುದಕ್ಕೆ ಎಡೆಯಿರುವುದರಿಂದ ರಸ್ತೆಯ ಪೆಟ್ಟು ಕೈಯನ್ನು ಸೇರುವಷ್ಟರಲ್ಲಿ ಮೆತ್ತಗಾಗುವುದು. 1898ರಲ್ಲಿ ಪಾನ್ಹಾರ್ ಮತ್ತು ಲೆವಸ್ಸೋರ್ ಸಂಸ್ಥೆಯವರು ತಮ್ಮ ಗಾಡಿಗಳಿಗೆಲ್ಲ ಚಕ್ರವನ್ನೇ ನಿಯತಗೊಳಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ದಂಡವು ಹಳೆಯ ಮಾತಾಯಿತು.

ಚಕ್ರವು ನೆಲೆಗೊಂಡ ಮೇಲೆ, ಕೈ ಹಿಡಿಯುವ ಅದರ ಹೊರಬಳೆಯನ್ನು ಯಾವ ದ್ರವ್ಯದಿಂದ ಮಾಡಬೇಕೆಂಬ ಪ್ರಶ್ನೆ ಹುಟ್ಟಿತು. ಮೊದಲು ಮರವನ್ನು ಬಾಗಿಸಿ ಬೆಸೆದರು. ಛಾವಣಿಯಿಲ್ಲದ ಗಾಡಿಗಳಲ್ಲಿ ಮಳೆ ಬಿಸಿಲುಗಳಿಗೆ ಸಿಕ್ಕಿ ಬೆಸುಗೆಯು ಬಾಯಿಬಿಟ್ಟಿತು. ಆಮೇಲೆ ಉಕ್ಕಿನ ಬಳೆಯ ಸುತ್ತ ಗಂಧಕ ಸೇರಿಸಿ ಗಟ್ಟಿಗೊಳಿಸಿದ ರಬ್ಬರನ್ನು ಎರಕ ಹೊಯ್ದರು, ಸೆಲ್ಯುಲಾಯ್ಡನ್ನು ಹೊದಿಸಿದರು, ಕಾಲಕ್ರಮದಲ್ಲಿ ಬಗೆಬಗೆಯ ಪ್ಲಾಸ್ಟಿಕ್ಕುಗಳು ಬಂದವು. ಹೊಸದರಲ್ಲಿ ಇವೆಲ್ಲವೂ ನುಣುಪಾಗಿ ಹೊಳೆಯುವುವು. ಆದರೆ ಒಳಗಿನ ಉಕ್ಕೂ ಹೊರಗಿನ ಎರಕವೂ ಶಾಖಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಚಳಿಗೆ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ವಯಸ್ಸಾದಂತೆ ಎರಕವು ಬಿರುಸಾಗಿ, ಅರಗಳು ಬಳೆಯನ್ನು ಕೂಡುವ ಎಡೆಯಲ್ಲಿ ಬಿರುಕು ಬಿಡುವುದು. 1958ರಿಂದ 2014ರ ವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಿಡರ್ ಗಾಡಿಗಳ ಪೈಕಿ ಹಳೆಯವುಗಳ ಅಗಲವಾದ ಚಕ್ರದಲ್ಲಿ ಇಂತಹ ಬಿರುಕುಗಳನ್ನು ಕಂಡ ವಾಚಕರು ಅನೇಕರಿರಬಹುದು.

ತೊಗಲು ಮೊದಲು ಚಕ್ರದ ಮೇಲಿರಲಿಲ್ಲ. ನಡೆಸುವವನ ಕೈಯ ಮೇಲೆ, ಕೈಚೀಲದ ರೂಪದಲ್ಲಿ ಇದ್ದಿತು. ಬೆವೆತ ಅಂಗೈಯು ನುಣುಪಾದ ಎರಕದ ಮೇಲೆ ಜಾರುವುದನ್ನು ತಪ್ಪಿಸುವುದಕ್ಕೆ ಪಂದ್ಯದವರು ಬಳೆಗೆ ಹುರಿಯನ್ನೂ ತೊಗಲನ್ನೂ ಸುತ್ತತೊಡಗಿದರು. ಇಟಲಿಯ ಪಂದ್ಯಗಾರನಾದ ಜಾನ್‌ಪಿಯೆರೊ ಮೊರೆಟ್ಟಿಯು ತನ್ನ ಗಾಡಿಗೆ ದಪ್ಪ ಬಳೆಯ ಚಕ್ರವೊಂದನ್ನು ಮಾಡಿಸಿಕೊಂಡು, 1960ರ ದಶಕದಲ್ಲಿ ‘ಮೋಮೋ’ ಎಂಬ ಸಂಸ್ಥೆಯನ್ನೇ ಕಟ್ಟಿದನು. ತೊಗಲು ಹೊದಿಸಿದ ಚಕ್ರಗಳಿಗೆ ಆ ಹೆಸರು ಲೋಕಪ್ರಸಿದ್ಧವಾಯಿತು. ಪಂದ್ಯದಲ್ಲಿ ಅವಶ್ಯಕವಾದದ್ದು ಕ್ರಮೇಣ ಸಂಸಾರಸ್ಥರ ಗಾಡಿಗಳಿಗೂ ಅಲಂಕಾರವಾಗಿ ಬಂದಿತು. ಹೀಗೆ ಎರಕದ ವಸ್ತುಗಳೆಲ್ಲವನ್ನೂ ಪರೀಕ್ಷಿಸಿ ನೋಡಿದ ತರುವಾಯ ಮನುಷ್ಯನು ಹಿಂತಿರುಗಿದ್ದು ಅತಿ ಪುರಾತನವಾದ ತೊಗಲಿಗೇ.

ಇದಕ್ಕೆ ಕಾರಣವು ತೊಗಲಿನ ರಚನೆಯಲ್ಲಿದೆ. ಅದು ಸೂಕ್ಷ್ಮವಾದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ವಸ್ತು. ಬೆವರನ್ನು ಸ್ವಲ್ಪ ಹೀರಿಕೊಳ್ಳುವುದು, ಎಳೆದರೆ ಹಿಗ್ಗುವುದು, ಕೈಗೆ ಬೇಗ ಬಿಸಿಯೂ ತಣ್ಣಗೂ ತಾಗದು. ಆದರೆ ಹಸಿಯ ತೊಗಲು ನೆನೆದರೆ ಕೊಳೆಯುವುದು, ಒಣಗಿದರೆ ಹಲಗೆಯಾಗುವುದು, ಅದನ್ನು ಹದಮಾಡಬೇಕು. ನಮ್ಮ ನಾಡಿನಲ್ಲಿ ಬಹುಕಾಲದಿಂದ ಸುಣ್ಣದಲ್ಲಿ ನೆನೆಯಿಸಿ ಕೂದಲು ತೆಗೆದು, ತಂಗಡಿಯ ಚೆಕ್ಕೆ, ಅಳಲೆಕಾಯಿ ಮೊದಲಾದವುಗಳ ಒಗರಿನಿಂದ ಹದಮಾಡುತ್ತಿದ್ದರು. ದಕ್ಷಿಣ ಭಾರತದ ಇಂತಹ ತೊಗಲು ಮದರಾಸಿನಿಂದ ಲಂಡನ್ನಿಗೆ ಹಡಗುಗಳಲ್ಲಿ ಹೋಗುತ್ತಿದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೂ ಒದಗಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ರೋಮ್ ಲವಣಗಳಿಂದ ಹದಮಾಡುವ ಹೊಸ ವಿಧಾನವು ಬಳಕೆಗೆ ಬಂದಿತು. ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸನು 1884ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಚೆಕ್ಕೆಯ ಹದದ ತೊಗಲು ನೆನೆದಿರುವಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮುದುರಿಕೊಳ್ಳುವುದು; ಕ್ರೋಮಿನ ತೊಗಲು ಸುಮಾರು 100 ಡಿಗ್ರಿಯ ವರೆಗೂ ತಡೆಯುವುದು. ಮುಚ್ಚಿದ ಗಾಡಿಯಲ್ಲಿ ನಡುಹಗಲ ಬಿಸಿಲಿಗೆ ಕಾಯುವ ಚಕ್ರಕ್ಕೆ ಯಾವುದು ಒಪ್ಪುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಹೊಸ ಹದವು ನಮ್ಮ ಕಡೆಗೆ ಬಂದದ್ದು ಮೋಟಾರಿನ ನಿಮಿತ್ತವಾಗಿ ಅಲ್ಲವೆಂಬುದು ಸ್ವಾರಸ್ಯದ ಸಂಗತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ನರು ಕ್ರೋಮಿನ ಹದವನ್ನು ಪ್ರಯೋಗಿಸಿದಾಗ ಅವರ ಗಮನವಿದ್ದುದು ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲದ ಮೇಲೆ. ದಿನವೂ ನೆನೆದು ಒಣಗುವ ಆ ಚೀಲವು ಬೇಗ ಹಾಳಾಗದೆ ಬಾಳುವಂತೆ ಮಾಡಿದರೆ ರೈತನಿಗೆ ಉಪಕಾರವಾದೀತೆಂಬುದು ಅವರ ಎಣಿಕೆ. ಇದೇ ಚಾಟರ್ಟನ್ನರು ಅನಂತರ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಕೆಲಸಮಾಡಿದರು.

ಇನ್ನು ಹೊದಿಸುವ ಕೆಲಸವನ್ನು ನೋಡೋಣ. ಮೊದಲು ಹಳೆಯ ಹೊದಿಕೆಯನ್ನು ಬಿಚ್ಚಿ, ಬಳೆಯ ಬಿರುಕುಗಳಿಗೆ ಅಂಟುಗಾರೆಯನ್ನು ತುಂಬಿ, ಒಣಗಿದ ಮೇಲೆ ನುಣ್ಣಗೆ ಉಜ್ಜುವರು. ಆಮೇಲೆ ಬಳೆಗೆ ತೆಳುವಾದ ಹಾಳೆಯನ್ನು ಬಿಗಿಯಾಗಿ ಸುತ್ತಿ, ಹೊಲಿಗೆ ಬರಬೇಕಾದ ಒಳ ಅಂಚಿನಲ್ಲಿ ಗೆರೆ ಎಳೆದು ಕತ್ತರಿಸಿ, ಅದನ್ನು ಬಿಡಿಸಿ ಹಾಸಿ ಅಳತೆಯ ಮಾದರಿ ಮಾಡಿಕೊಳ್ಳುವರು. ಸುಮಾರು ಒಂದು ಮಿಲಿಮೀಟರು ದಪ್ಪದ ತೊಗಲನ್ನು ಮಾದರಿಗಿಂತ ತುಸು ಕಿರಿದಾಗಿಯೇ ಕತ್ತರಿಸಬೇಕು. ಸರಿಯಾದ ಅಳತೆಗೆ ಕತ್ತರಿಸಿದ ತೊಗಲು ನಾಲ್ಕು ದಿನದಲ್ಲಿ ಸಡಿಲವಾಗಿ ಕೈಯೊಳಗೆ ಹೊರಳುವುದು. ಅಂಚುಗಳನ್ನು ಕತ್ತಿಯಿಂದ ಹೆರೆದು ತೆಳ್ಳಗೆ ಮಾಡಿ, ಎರಡೂ ಕಡೆಯಲ್ಲಿ ಸಮಸಂಖ್ಯೆಯ ತೂತುಗಳನ್ನು ಚುಚ್ಚುವರು. ಒಂದು ಕಡೆಯಲ್ಲಿ ಒಂದು ತೂತು ಹೆಚ್ಚಾದರೂ ಹೊಲಿಗೆಯು ಸೊಟ್ಟಗಾಗಿ ಬಳೆಯ ಸುತ್ತ ತಿರುಚಿಕೊಳ್ಳುವುದು.

ಇಲ್ಲಿ ಒಂದು ಗಣಿತದ ತೊಡಕುಂಟು. ಚಕ್ರದ ಹೊರ ವ್ಯಾಸವು 38 ಸೆಂಟಿಮೀಟರು, ಒಳ ವ್ಯಾಸವು 33 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಹೊರ ಸುತ್ತಳತೆಯು ಸುಮಾರು 119 ಸೆಂಟಿಮೀಟರಾದರೆ ಒಳ ಸುತ್ತಳತೆಯು ಸುಮಾರು 104 ಮಾತ್ರ. ಒಂದೇ ಪಟ್ಟಿಯ ನಡುಭಾಗವು ಹೊರಗಿನ ಸುತ್ತನ್ನು ಮುಚ್ಚಬೇಕು, ಅಂಚುಗಳು ಒಳಗಿನ ಸುತ್ತಿನಲ್ಲಿ ಕೂಡಬೇಕು. ಈ 15 ಸೆಂಟಿಮೀಟರುಗಳ ವ್ಯತ್ಯಾಸವನ್ನು ಒಂದು ನೆರಿಗೆಯೂ ಕಾಣದಂತೆ ಅಡಗಿಸುವುದರಲ್ಲಿಯೇ ಹೊಲಿಯುವವನ ಕೌಶಲವಿರುವುದು. ಬಟ್ಟೆಗೆ ಇದು ಸಾಧ್ಯವಾಗದು. ತೊಗಲನ್ನು ಸ್ವಲ್ಪ ತೇವಮಾಡಿ, ನಡುವೆ ಹಿಗ್ಗಿಸಿ, ಅಂಚಿನಲ್ಲಿ ಹೊಲಿಗೆಹೊಲಿಗೆಗೂ ತುಸುತುಸುವಾಗಿ ಕೂಡಿಸುತ್ತ ಹೋದರೆ ಅದು ಬಳೆಯ ಆಕಾರವನ್ನೇ ತಾಳುವುದು. ಮೇಣ ಹಚ್ಚಿದ ದಾರದ ಎರಡು ತುದಿಗೂ ಒಂದೊಂದು ಸೂಜಿಯನ್ನು ಪೋಣಿಸಿ, ಜಡೆ ಹೆಣೆದಂತೆ ಅತ್ತಿಂದಿತ್ತ ದಾಟಿಸಿ ಬಿಗಿಯುವರು. ಎಳೆತವು ಮೊದಲಿನಿಂದ ಕೊನೆಯ ವರೆಗೆ ಒಂದೇ ಸಮನಾಗಿರಬೇಕು.

ಹೊಲಿಗೆಯ ಯಂತ್ರವು ಈ ಕೆಲಸವನ್ನು ಏಕೆ ಮಾಡಲಾರದು? 1846ರಲ್ಲಿ ಅಮೆರಿಕದ ಎಲಿಯಾಸ್ ಹೋವನು ಹಕ್ಕುಪತ್ರ ಪಡೆದ ಯಂತ್ರದಿಂದ ಮೊದಲ್ಗೊಂಡು ಇಂದಿನ ವರೆಗೆ ಬೀಗಹೊಲಿಗೆಯ ಯಂತ್ರಕ್ಕೆ ಎರಡು ದಾರಗಳು ಬೇಕು: ಒಂದು ಸೂಜಿಯೊಡನೆ ಮೇಲಿನಿಂದ ಇಳಿಯುವುದು, ಇನ್ನೊಂದು ಕೆಳಗೆ ಕಾದಿದ್ದು ಅದರ ಕುಣಿಕೆಯೊಳಗೆ ನುಸುಳುವುದು. ಬಳೆಯ ಮೇಲೆ ಬಿಗಿದ ತೊಗಲಿಗಾದರೋ ಕೆಳಭಾಗವೆಂಬುದೇ ಇಲ್ಲ. ಅಲ್ಲಿ ಬಳೆಯೇ ತುಂಬಿಕೊಂಡಿರುವುದು. ಆದುದರಿಂದ ದೊಡ್ಡ ಕಾರ್ಖಾನೆಗಳಲ್ಲಿ ಸಹ ತೊಗಲನ್ನು ಯಂತ್ರದಿಂದ ಕತ್ತರಿಸಿ, ಅಂಚಿನ ಹೊಲಿಗೆಯನ್ನು ಯಂತ್ರದಿಂದ ಮುಗಿಸಿ, ಕೊನೆಯದಾಗಿ ಬಳೆಯ ಮೇಲೆ ಕೂಡಿಸುವ ಹೊಲಿಗೆಯನ್ನು ಬಹುಮಟ್ಟಿಗೆ ಇಂದಿಗೂ ಕೈಯಿಂದಲೇ ಹಾಕಿಸುವರು. ಬೆಂಗಳೂರಿನ ಜೆ. ಸಿ. ರಸ್ತೆಯಂತಹ ವಾಹನಸಾಮಗ್ರಿಯ ಪೇಟೆಗಳಲ್ಲಿ ಗಾಡಿಯೊಳಗೇ ಕುಳಿತು ಚಕ್ರವನ್ನು ಹೊಲಿಯುವವನೂ ಕಾರ್ಖಾನೆಯಲ್ಲಿ ಹೊಲಿಯುವವಳೂ ಈ ವಿಷಯದಲ್ಲಿ ಒಂದೇ ಕಸುಬಿನವರು. 1980ರ ದಶಕದಿಂದೀಚೆಗೆ ಚಕ್ರದ ನಡುವಿನಲ್ಲಿ, ಅಪಘಾತದಲ್ಲಿ ಉಬ್ಬಿ ಪ್ರಾಣರಕ್ಷಣೆ ಮಾಡುವ ಗಾಳಿಚೀಲವು ಬಂದು ಸೇರಿರುವುದರಿಂದ, ಹಳೆಯದನ್ನು ತೆಗೆದೊಗೆದು ಮನಬಂದ ಚಕ್ರವನ್ನು ಹಾಕಿಸಿಕೊಳ್ಳುವುದು ಅಪಾಯಕರವಾಗಿದೆ. ಇದರಿಂದ ಇದ್ದ ಚಕ್ರಕ್ಕೇ ಹೊಸ ತೊಗಲು ಹೊಲಿಸುವ ಪದ್ಧತಿಗೆ ಮತ್ತಷ್ಟು ಬೆಲೆ ಬಂದಿರುವುದು.

ಆದರೆ ಆ ಕೈಗಳಿಗೆ ನಮ್ಮ ಸಮಾಜದಲ್ಲಿ ಸಂದ ಬೆಲೆಯು ಎಷ್ಟು? ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂಬವರು ತಮ್ಮ ಕಸುಬಿನ ಹೆಸರಿನಿಂದಲೇ ಪೂಜ್ಯರಾದರು. ಚೆನ್ನಯ್ಯನ ವಚನಗಳ ಅಂಕಿತದೊಳಗೆ ತೊಗಲಿನ ಕೆಲಸದ ಉಳಿ ಕತ್ತಿಗಳೇ ಸೇರಿಕೊಂಡಿವೆ. ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲಿನಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಹೊಲಿದರೆಂಬ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಇಷ್ಟಾದರೂ ತೊಗಲನ್ನು ಹದಮಾಡಿ ಹೊಲಿಯುವವರನ್ನು ಊರ ಹೊರಗಿರಿಸಿ, ಅವರು ಮುಟ್ಟಿದ ನೀರನ್ನು ಒಲ್ಲೆವೆಂದ ಚರಿತ್ರೆಯೂ ನಮ್ಮದೇ. ಪಾದರಕ್ಷೆಯನ್ನು ಹೊಸ್ತಿಲಾಚೆ ಬಿಡುವ ನಾವು ಅದೇ ತೊಗಲನ್ನು ಎರಡು ಕೈಯಲ್ಲಿಯೂ ಹಿಡಿದು ಊರೂರು ಸುತ್ತುತ್ತೇವೆ. ಆಯುಧಪೂಜೆಯ ದಿನ ಅದಕ್ಕೆ ಅರಿಸಿನ ಕುಂಕುಮಗಳನ್ನು ಹಚ್ಚಿ ಹೂವೇರಿಸಿ ಕೈಮುಗಿಯುತ್ತೇವೆ. ತೊಗಲಿಗೆ ಮುಗಿದ ಕೈ ಅದನ್ನು ಹೊಲಿದವನ ಕಡೆಗೆ ಏಕೆ ನೀಡಲಾರದು?

ದಂಡದಿಂದ ಚಕ್ರಕ್ಕೆ, ಮರದಿಂದ ಎರಕಕ್ಕೆ, ಎರಕದಿಂದ ತೊಗಲಿಗೆ ಸಾಗಿದ ಈ ಚರಿತ್ರೆಯಲ್ಲಿ ಹಕ್ಕುಪತ್ರ ಪಡೆದವರ ಹೆಸರುಗಳು ಉಳಿದಿವೆ. ಹೊಲಿದವರ ಹೆಸರುಗಳು ಉಳಿದಿಲ್ಲ. ಮುಂದೆ ಚಕ್ರದ ಮೇಲೆ ಕೈಯಿಟ್ಟಾಗ ವಾಚಕರು ಅದರ ಒಳ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ನೋಡಲಿ. ಒಂದೇ ಬಿಗಿಯಲ್ಲಿ ಒಂದರ ಹಿಂದೊಂದು ಸಾಲುಗೊಂಡ ಆ ಹೊಲಿಗೆಗಳು ಯಾರೋ ಒಬ್ಬರು ಕುಳಿತು ಗಂಟೆಗಟ್ಟಲೆ ಎಳೆದು ಬಿಗಿದವು.