ಗುಜರಿಯ ಗುಜರಾನ

ಕೊಲ್ಲಾಪುರದ ಮನೆಯೊಂದರಲ್ಲಿ 'ಗುಜರಿಗೆ ಹೋಗಿ ಬಂದೆವು' ಅಂದರೆ ಮದುವೆ ಗೊತ್ತಾಗಿದೆಯೇ ಎಂದು ಕೇಳಬಹುದು. ಮಹಾಲಕ್ಷ್ಮಿ ಗುಡಿಯ ಸಮೀಪದ ಆ ಬೀದಿಯ ಹೆಸರೇ ಗುಜರಿ. ಅಲ್ಲಿ ಮಾರುವುದು ಚಿನ್ನ ಬೆಳ್ಳಿ. ಕೊಲ್ಲಾಪುರಿ ಸಾಜ್, ಠುಶಿ ಮುಂತಾದ ಒಡವೆಗಳಿಗೆ ಸುತ್ತಲ ಸೀಮೆಯವರು, ಬೆಳಗಾವಿ ಚಿಕ್ಕೋಡಿ ಕಡೆಯವರೂ, ಅಲ್ಲಿಗೇ ಹೋಗುತ್ತಾರೆ. ಅದೇ ಮಾತನ್ನು ಬೆಂಗಳೂರಿನಲ್ಲಿ ಆಡಿ ನೋಡಿ. 'ಹಳೇ ಫ್ರಿಜ್ಜಿಗೆ ಎಷ್ಟು ಕೊಟ್ಟ?' ಎಂಬ ಪ್ರಶ್ನೆ ಬರುತ್ತದೆ. ಒಂದೇ ಪದ ಒಂದೂರಿನಲ್ಲಿ ಬಂಗಾರದ ಪೇಟೆ, ಇನ್ನೊಂದೂರಿನಲ್ಲಿ ತುಕ್ಕು ಹಿಡಿದ ತಗಡು.

ಈ ಪದ ನಮ್ಮಲ್ಲಿಗೆ ಬಂದದ್ದು ಪಾರಸಿಯ ಕಡೆಯಿಂದ. ಪಾರಸಿಯಲ್ಲಿ 'ಗುಜರ್' ಎಂದರೆ ಹಾದುಹೋಗುವುದು, ದಾಟುವುದು; ಹಾದುಹೋಗುವ ದಾರಿಯೂ ಹೌದು. ಅದರಿಂದ ಹುಟ್ಟಿದ 'ಗುಜರೀ' ಎಂಬ ಉರ್ದು ಮಾತಿಗೆ ಇಳಿಹೊತ್ತಿನಲ್ಲಿ ದಾರಿಬದಿಗೆ ಕೂಡುವ ಸಂತೆ ಎಂದರ್ಥ. ಕಟ್ಟಡವಿಲ್ಲ, ಕಟ್ಟೆಯಿಲ್ಲ. ಕೆಲಸ ಮುಗಿಸಿ ಮನೆಗೆ ಹೊರಟವರು ನಡೆಯುವ ದಾರಿಯಲ್ಲೇ ಒಂದು ಬಟ್ಟೆ ಹಾಸಿ ಕೂತರೆ ಗುಜರಿ. ಮದ್ರಾಸಿನವರ ಬಾಯಲ್ಲಿ ಇದು 'ಗುಜಿಲಿ' ಆಯಿತು. ಅಲ್ಲಿನ ಗುಜಿಲಿ ಬಜಾರು ಸಂಜೆಯ ಬಜಾರೆಂದೇ ಹೆಸರಾಗಿತ್ತು. ಕೊಲೆ, ರೈಲು ಅಪಘಾತ, ಪ್ರಳಯ, ಪ್ರೇಮ ಹೀಗೆ ಸಿಕ್ಕಿದ್ದನ್ನೆಲ್ಲ ಹಾಡು ಕಟ್ಟಿ ಕಾಸಿಗೊಂದರಂತೆ ಮಾರುತ್ತಿದ್ದ ಅಗ್ಗದ ಪುಸ್ತಿಕೆಗಳಿಗೆ ತಮಿಳರು ಇಂದಿಗೂ 'ಗುಜಿಲಿ' ಸಾಹಿತ್ಯ ಎನ್ನುತ್ತಾರೆ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಭಾನುವಾರದ ಸಂತೆಯೂ ಗುಜರಿಯೇ. ಅದು ಸುಲ್ತಾನ ಅಹ್ಮದ್ ಶಾಹನ ಕಾಲದ್ದೆಂದು ಅಲ್ಲಿನ ವ್ಯಾಪಾರಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಅಹಮದಾಬಾದಿನ ಹೆಸರು ಬಂದದ್ದರಿಂದ ಒಂದು ಅನುಮಾನವನ್ನು ಇಲ್ಲೇ ಬಿಡಿಸಿಬಿಡೋಣ. ಗುಜರಿ ಎಂದರೆ ಗುಜರಾತಿನಿಂದ ಬಂದದ್ದು ಎಂದು ನಂಬಿದವರು ಬಹಳ ಮಂದಿ. ಹಡಗುಗಳನ್ನು ಒಡೆಯುವ ಅಲಂಗ್, ಹಿತ್ತಾಳೆ ಚೂರನ್ನು ಕರಗಿಸುವ ಜಾಮ್‌ನಗರ ಎರಡೂ ಗುಜರಾತಿನಲ್ಲೇ ಇರುವುದರಿಂದ ನಂಬಿಕೆಗೆ ಸಾಕ್ಷಿಯೂ ಸಿಕ್ಕಂತಾಗುತ್ತದೆ. ಆದರೆ ಆ ನಾಡಿನ ಹೆಸರು ಗುರ್ಜರರಿಂದ ಬಂದದ್ದು. ಅಲಂಗಿನ ಕಡಲತೀರದಲ್ಲಿ ಹಡಗು ಒಡೆಯಲು ಶುರುಮಾಡಿದ್ದು 1983ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಪದಕ್ಕೆ ತಲೆ ನರೆತಿತ್ತು.

ಇದಕ್ಕಿಂತ ಗಟ್ಟಿಯಾದ ಎದುರಾಳಿ ಹಿಂದಿಯ 'ಗುದಡಿ'. ಚಿಂದಿಗಳನ್ನು ಸೇರಿಸಿ ಹೊಲಿದ ಹೊದಿಕೆ ಅದು, ನಮ್ಮ ಕೌದಿಯ ಅಕ್ಕ. ಉತ್ತರದ ಊರುಗಳಲ್ಲಿ ಹಳೆಯ ಸಾಮಾನಿನ ಪೇಟೆಗೆ 'ಗುದಡಿ ಬಜಾರ್' ಎನ್ನುವ ರೂಢಿಯಿದೆ. ಚಿಂದಿಯಿಂದ ಗುಜರಿಗೆ ಬರುವುದು ಎಷ್ಟು ಸಲೀಸು! ಅರ್ಥ ನೇರವಾಗಿ ಕೂಡುತ್ತದೆ, ಸದ್ದೂ ಹತ್ತಿರದ್ದು. ಆದರೂ ನಾನು ದಾರಿಬದಿಯ ಗುಜರಿಯ ಪಕ್ಷ. ಚಿಂದಿಯೇ ಮೂಲವಾಗಿದ್ದರೆ ಕೊಲ್ಲಾಪುರದ ಅಕ್ಕಸಾಲಿಗರ ಬೀದಿಗೆ ಆ ಹೆಸರು ಅಂಟುತ್ತಿರಲಿಲ್ಲ, ಮದ್ರಾಸಿನ ಹಾಡಿನ ಪುಸ್ತಿಕೆಗಳಿಗೂ ಅಂಟುತ್ತಿರಲಿಲ್ಲ. ಸಂತೆ ಎಂಬ ಅರ್ಥ ಮೊದಲಿದ್ದು, ಅದರ ಪಕ್ಕದಲ್ಲೇ ಓಡಾಡುತ್ತಿದ್ದ ಗುದಡಿ ಕೆಲವು ಊರುಗಳಲ್ಲಿ ಅದನ್ನು ಹಳೇ ಸಾಮಾನಿನ ಕಡೆಗೆ ಎಳೆದಿರಬೇಕು. ಪದಗಳೂ ನೆರೆಹೊರೆಯವರ ಸಹವಾಸದಲ್ಲಿ ಬದಲಾಗುತ್ತವೆ.

ಪಾರಸಿಯ ಈ ಬೇರಿನಿಂದ ಕನ್ನಡದಲ್ಲಿ ಇನ್ನೆರಡು ಚಿಗುರಿವೆ. ಹಳೆಯ ಕಚೇರಿ ಕಾಗದಗಳಲ್ಲಿ ರೈತ ಅರ್ಜಿಯನ್ನು 'ಗುಜರಾಯಿಸಿಕೊಳ್ಳುತ್ತಾನೆ'. ಅಂದರೆ ಅದನ್ನು ತನ್ನ ಕೈಯಿಂದ ಸಾಹೇಬರ ಕೈಗೆ ದಾಟಿಸುತ್ತಾನೆ. ಉತ್ತರ ಕರ್ನಾಟಕದಲ್ಲಿ 'ಗುಜರಾನ' ಎಂದರೆ ಹೊಟ್ಟೆಪಾಡು, ದಿನ ದೂಡುವುದು. ಅರ್ಜಿ ದಾಟುವುದು, ದಿನ ದಾಟುವುದು, ಸರಕು ಕೈ ದಾಟುವುದು. ಅಣ್ಣತಮ್ಮಂದಿರು ಒಬ್ಬರಿಗೊಬ್ಬರ ಗುರುತಿಲ್ಲದೆ ಬೇರೆ ಬೇರೆ ಮನೆಗಳಲ್ಲಿ ಬೆಳೆದಿದ್ದಾರೆ.

ಕನ್ನಡದಲ್ಲಿ ಪದ ಮಾಡಿದ ದೊಡ್ಡ ಜಿಗಿತ ಎಂದರೆ ಜಾಗದಿಂದ ಸರಕಿಗೆ. ಸಂತೆಯ ಹೆಸರು ಸಂತೆಯಲ್ಲಿ ಮಾರುವ ವಸ್ತುವಿಗೆ ಬಂತು. ಸಂತೆ ಎದ್ದುಹೋಯಿತು, ವಸ್ತು ಉಳಿಯಿತು. ಇಂಗ್ಲಿಷಿನ 'ಜಂಕ್' ಹಾಗಲ್ಲ. ಅದು ಮೊದಲಿಂದಲೂ ವಸ್ತುವೇ: ಹಡಗಿನ ಸವೆದ ಹಗ್ಗ. ನಮ್ಮಲ್ಲೇ ಇರುವ ಸೋದರ ಪದಗಳನ್ನು ನೋಡಿ. 'ರದ್ದಿ' ಅರಬ್ಬಿಯಿಂದ ಬಂದದ್ದು, ನೋಟು ರದ್ದಾಯಿತು ಎನ್ನುವಾಗಿನ ರದ್ದೇ ಅದು. ತಿರಸ್ಕಾರ ಅದರ ಹೊಟ್ಟೆಯಲ್ಲೇ ಇದೆ. ಹುಬ್ಬಳ್ಳಿ, ಕಲಬುರ್ಗಿ ಕಡೆಯ 'ಮೋಡಕಾ' ಮರಾಠಿಯ ಮುರಿಯುವಿಕೆಯಿಂದ ಬಂತು. ಗಡಿಭಾಗದ 'ಭಂಗಾರ' ಕೂಡ ಒಡಕಲೇ; ಬಂಗಾರಕ್ಕೂ ಅದಕ್ಕೂ ಒಂದು ಮಹಾಪ್ರಾಣದ ಅಂತರ, ಗಡಿಬಿಡಿಯಲ್ಲಿ ಆಡಿದರೆ ಅದೂ ಇಲ್ಲ. ಇವೆಲ್ಲ ವಸ್ತುವಿನ ಮೈಮೇಲಿನ ಊನವನ್ನು ಎತ್ತಿ ಹೇಳುವ ಮಾತುಗಳು. ಗುಜರಿ ಮಾತ್ರ ವಸ್ತುವಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿದೆ ಎಂದಷ್ಟೇ ಹೇಳುತ್ತದೆ.

ಈ ಗುಟ್ಟು ನಿಘಂಟು ನೋಡದ ಗೃಹಿಣಿಗೂ ಗೊತ್ತು. ಕಸ ಬೇರೆ, ಗುಜರಿ ಬೇರೆ. ಕಸವನ್ನು ಒಯ್ಯಲು ನಾವು ದುಡ್ಡು ಕೊಡಬೇಕು, ಗುಜರಿಯನ್ನು ಒಯ್ಯುವವನೇ ದುಡ್ಡು ಕೊಡಬೇಕು. ಹಳ್ಳಿಗಳಲ್ಲಿ ದುಡ್ಡಿನ ಬದಲು ಈರುಳ್ಳಿ, ಬೆಳ್ಳುಳ್ಳಿ, ಮಕ್ಕಳಿದ್ದರೆ ಐಸ್ ಕ್ಯಾಂಡಿ. ಸವೆದ ಕುಳ, ತಳ ಹೋದ ಕೊಡ, ಸೈಕಲ್ಲಿನ ರಿಮ್ಮು ಎಲ್ಲಕ್ಕೂ ಒಂದು ದರ ಇದ್ದೇ ಇರುತ್ತದೆ. ಸರ್ಕಾರಿ ಕನ್ನಡದ 'ಘನತ್ಯಾಜ್ಯ' ಎಂಬ ಮಾತಿನಲ್ಲಿ ತ್ಯಾಗ ಉಂಟು, ಚೌಕಾಸಿ ಇಲ್ಲ. 'ಕಸದಿಂದ ರಸ' ಎಂಬ ಗೋಡೆಬರಹದ ಬಗ್ಗೆ ಏನೂ ಹೇಳದಿರುವುದೇ ವಾಸಿ.

ಬೆಂಗಳೂರಿನಲ್ಲಿ ಈ ಚೌಕಾಸಿಯ ರಾಜಧಾನಿ ಜಾಲಿ ಮೊಹಲ್ಲಾ. ಚಿಂದಿ ಆಯುವವರಿಂದ ಬಡಾವಣೆಯ ಅಂಗಡಿಗೆ, ಅಲ್ಲಿಂದ ಗೋದಾಮಿಗೆ, ಗೋದಾಮಿನಿಂದ ಕುಲುಮೆಗೆ ಸಾಗುವ ಸರಪಳಿಯಲ್ಲಿ ಪ್ರತಿ ಕೊಂಡಿಯಲ್ಲೂ ಬೇರ್ಪಡಿಸುವ ಕೆಲಸ ನಡೆಯುತ್ತದೆ. ಲಾಭ ಹುಟ್ಟುವುದು ಅಲ್ಲೇ. ಬೀಡು ಕಬ್ಬಿಣ ಬೇರೆ, ತಗಡು ಬೇರೆ, 'ಹೆವಿ' ಬೇರೆ, 'ಲೈಟ್' ಬೇರೆ. ಅಲ್ಯುಮಿನಿಯಂ ಉತ್ತರ ಕರ್ನಾಟಕದ ಕಡೆ ಇನ್ನೂ 'ಜರ್ಮನ್'. ತಾಮ್ರದ ತಂತಿ ಸುಟ್ಟದ್ದೋ ಸುಲಿದದ್ದೋ ಎಂಬುದನ್ನು ಬಣ್ಣ ನೋಡಿಯೇ ಹೇಳುತ್ತಾರೆ. ಬೆಂಗಳೂರಿನ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದು, ಹಸಿರು ದಳದಂಥ ಸಂಘಟನೆ ಕಟ್ಟಿಕೊಂಡದ್ದು ಈ ಪದದ ಚರಿತ್ರೆಯಲ್ಲಿ ತೀರ ಇತ್ತೀಚಿನ ಮಾತು. ಅದಕ್ಕೂ ಮೊದಲು 'ಗುಜರಿಯವನು' ಎಂದರೆ ಪೊಲೀಸರಿಗೆ ಕಳ್ಳಮಾಲಿನ ಅನುಮಾನ, ಬೀದಿನಾಯಿಗೆ ಬೊಗಳಲು ಒಂದು ನೆಪ.

ಗುಜರಿಯ ಜಗತ್ತಿನಲ್ಲಿ ಇನ್ನೂ ವಿಚಿತ್ರವಾದ ಪದಕೋಶವೊಂದಿದೆ. ಅದನ್ನು ಕಟ್ಟಿದವರು ಅಮೆರಿಕದ ಲೋಹದ ವ್ಯಾಪಾರಿಗಳು. ತಂತಿ ಸಂದೇಶಕ್ಕೆ ಪದದ ಲೆಕ್ಕದಲ್ಲಿ ದುಡ್ಡು ಕೊಡಬೇಕಿದ್ದ ಕಾಲದಲ್ಲಿ, 'ಲೇಪನವಿಲ್ಲದ ಶುದ್ಧ ತಾಮ್ರದ ತಂತಿ' ಎಂದು ಉದ್ದಕ್ಕೆ ಬರೆಯುವ ಬದಲು 'ಬಾರ್ಲಿ' ಎಂದು ಗುರುತು ಮಾಡಿಕೊಂಡರು. ಹಳದಿ ಹಿತ್ತಾಳೆ ಚೂರು 'ಹನಿ', ಅಂದರೆ ಜೇನು. ಯಂತ್ರದಲ್ಲಿ ಪುಡಿಯಾದ ಕಬ್ಬಿಣೇತರ ಲೋಹಗಳ ಮಿಶ್ರಣ 'ಜೋರ್ಬಾ'. ಅದರಿಂದ ತೇಲಿಸಿ ತೆಗೆದ ಅಲ್ಯುಮಿನಿಯಂ 'ಟ್ವಿಚ್'. ತಂತಿಯಂತ್ರ ಸತ್ತು ಎಷ್ಟೋ ಕಾಲವಾದರೂ ಜಾಮ್‌ನಗರದ ವ್ಯಾಪಾರಿ ಕಂಟೇನರ್‌ಗಟ್ಟಲೆ ಹನಿ ತರಿಸುತ್ತಲೇ ಇದ್ದಾನೆ.

ಜೋರ್ಬಾ ಹುಟ್ಟಬೇಕಾದರೆ ಶ್ರೆಡರ್ ಬೇಕು. ಅದಕ್ಕೂ ಮೊದಲಿನ ಯಂತ್ರಗಳಿಗೆ ಕೈಗೆಲಸದ ನೆನಪಿತ್ತು. ಮೊಸಳೆಯ ಬಾಯಿಯಂತೆ ತೆರೆದು ಮುಚ್ಚುವ ಕತ್ತರಿ, ಮೂರು ಕಡೆಯಿಂದ ಅದುಮಿ ತಗಡನ್ನು ಇಟ್ಟಿಗೆಯಾಗಿಸುವ ಬೇಲಿಂಗ್ ಪ್ರೆಸ್ಸು, ಎತ್ತಿ ಹಾಕುವ ಕಾಂತದ ಕ್ರೇನು. ಅಮೆರಿಕದ ಟೆಕ್ಸಸ್ಸಿನಲ್ಲಿ 1950ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡ ಶ್ರೆಡರ್ ಆ ನೆನಪನ್ನು ಅಳಿಸಿಹಾಕಿತು. ತಿರುಗುವ ದಿಂಡಿಗೆ ಜೋತುಬಿದ್ದ ಭಾರೀ ಸುತ್ತಿಗೆಗಳು ಇಡೀ ಕಾರನ್ನು ನಿಮಿಷದೊಳಗೆ ಮುಷ್ಟಿಗಾತ್ರದ ಚೂರು ಮಾಡುತ್ತವೆ. ಕಾಂತದ ಉರುಳೆ ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ. ಉಳಿದದ್ದು ಸಾಗುವ ಪಟ್ಟಿಯ ತುದಿಯಲ್ಲಿ ವೇಗವಾಗಿ ತಿರುಗುವ ಇನ್ನೊಂದು ಕಾಂತವಿರುತ್ತದೆ. ಅಲ್ಯುಮಿನಿಯಂ ಕಾಂತಕ್ಕೆ ಅಂಟುವ ಲೋಹವಲ್ಲ, ಆದರೆ ಬದಲಾಗುವ ಕಾಂತಕ್ಷೇತ್ರ ಅದರೊಳಗೆ ಸುಳಿವಿದ್ಯುತ್ತನ್ನು ಎಬ್ಬಿಸುತ್ತದೆ, ಆ ವಿದ್ಯುತ್ತಿನ ಎದುರೊತ್ತಡಕ್ಕೆ ಚೂರು ಮುಂದಕ್ಕೆ ಚಿಮ್ಮುತ್ತದೆ. ಪ್ಲಾಸ್ಟಿಕ್ಕು, ಸ್ಪಂಜು, ಗಾಜಿನ ಪುಡಿ ಕೆಳಗೆ ಬೀಳುತ್ತವೆ. ಜಾಲಿ ಮೊಹಲ್ಲಾದ ಕಣ್ಣು ಬೆರಳುಗಳು ಮಾಡುತ್ತಿದ್ದ ಕೆಲಸ ಇದೇ.

ಇಷ್ಟೆಲ್ಲ ಯಂತ್ರ ಯಾಕೆ ಎಂದರೆ ಲೆಕ್ಕ ಸರಳ. ಒಂದು ಟನ್ ಉಕ್ಕಿನ ಗುಜರಿ ಕರಗಿಸಿದರೆ 1.1 ಟನ್ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು ಉಳಿಯುತ್ತದೆ ಎನ್ನುತ್ತದೆ ಕೇಂದ್ರದ 2019ರ ಉಕ್ಕು ಗುಜರಿ ನೀತಿ. ಅಲ್ಯುಮಿನಿಯಂನಲ್ಲಾದರೆ ಶೇ 95ರಷ್ಟು ಇಂಧನವೇ ಉಳಿತಾಯ. 1971ರ ಯುದ್ಧ ಕಂಡ ವಿಕ್ರಾಂತ್ ಹಡಗನ್ನು 2014ರಲ್ಲಿ ಮುಂಬಯಿಯಲ್ಲಿ ಒಡೆದಾಗ ಅದರ ಒಂದಿಷ್ಟು ಉಕ್ಕು 2016ರ ಹೊತ್ತಿಗೆ ಬಜಾಜ್ ಬೈಕಿನ ಪೆಟ್ರೋಲ್ ಟ್ಯಾಂಕಾಗಿ ರಸ್ತೆಗಿಳಿಯಿತು. ಇಂಥ ಕೀರ್ತಿ ಎಲ್ಲ ಗುಜರಿಗೂ ಇರುವುದಿಲ್ಲ. ಸಾಮಾನ್ಯವಾಗಿ ಕೈ ದಾಟುವ ವಸ್ತು ತನ್ನ ಕತೆಯನ್ನು ಹಿಂದಿನ ಕೈಯಲ್ಲೇ ಬಿಟ್ಟು ಬರುತ್ತದೆ. ಅದಕ್ಕೆ ಬೆಲೆ ತೆತ್ತದ್ದು 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆ. ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಉಪಕರಣದೊಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಅದನ್ನು ಬಿಚ್ಚಿದವರ ಮೈ ಸುಟ್ಟಿತು, ಒಬ್ಬರು ಸತ್ತರು.

ನಮ್ಮ ಪದ ಕಚೇರಿಯ ಮೆಟ್ಟಿಲು ಹತ್ತಿದ್ದು 2021ರ ಆಗಸ್ಟಿನಲ್ಲಿ, ಹಳೆಯ ವಾಹನಗಳ ವಿಲೇವಾರಿಗೆ ಹೊಸ ನೀತಿ ಬಂದಾಗ. ಕನ್ನಡ ಪತ್ರಿಕೆಗಳು ಅದನ್ನು ಹಿಂದುಮುಂದು ನೋಡದೆ 'ಗುಜರಿ ನೀತಿ' ಎಂದವು. ಪಂಡಿತರು ಸಂಸ್ಕೃತದಲ್ಲಿ ಒಂದು ಸಮಾಸ ಕಟ್ಟುವ ಮುನ್ನವೇ ತಲೆಬರಹ ಅಚ್ಚಾಗಿತ್ತು, ಸದ್ಯ. ಆದರೆ ಈ ಬಡ್ತಿಯಲ್ಲಿ ಅರ್ಥ ಮತ್ತೊಮ್ಮೆ ಹೊರಳಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹಾಕಿದ ಅಂಬಾಸಿಡರ್ ಕಾರು ಸಾಯುತ್ತಿರಲಿಲ್ಲ. ಬಾಗಿಲು ಒಬ್ಬರಿಗೆ, ಗೇರ್ ಬಾಕ್ಸು ಇನ್ನೊಬ್ಬರಿಗೆ ಹೋಗಿ ಹತ್ತು ಕಾರುಗಳೊಳಗೆ ಓಡುತ್ತಿತ್ತು. ಅದು ಹಳೆಯ ಅರ್ಥದ ಗುಜರಿ, ಕೈಯಿಂದ ಕೈಗೆ. ನೀತಿಯ ಗುಜರಿ ಹಾಗಲ್ಲ. ನೋಂದಾಯಿತ ಕೇಂದ್ರದಲ್ಲಿ ಎಣ್ಣೆ, ಬ್ಯಾಟರಿ, ಅನಿಲ ಬಸಿದು ತೆಗೆಯಬೇಕು, ಚಾಸಿ ನಂಬರು ಕತ್ತರಿಸಬೇಕು, ಸರ್ಕಾರದ ದಾಖಲೆಯಿಂದ ಗಾಡಿಯ ಹೆಸರು ಹೊಡೆಯಬೇಕು. ಇಲ್ಲಿ ಗುಜರಿ ಎಂದರೆ ಮುಗಿಯಿತು ಎಂದರ್ಥ. ಮಣ್ಣಿಗೆ ಇಳಿಯುವ ಎಣ್ಣೆಯನ್ನು ನೆನೆದರೆ ಹೊಸ ಪದ್ಧತಿಯೇ ಸರಿ. ಬಿಚ್ಚುವ ಕೈಗಳನ್ನು ನೆನೆದರೆ, ಬೀದಿಯ ಅಂಗಡಿಯವನಿಗೆ ಈ ಹೊಸ ಅರ್ಥದೊಳಗೆ ಜಾಗ ಮಾಡಿಲ್ಲ ಎಂಬುದೂ ಅಷ್ಟೇ ಸರಿ.

ಗಾಡಿ ಒಪ್ಪಿಸಿದವನಿಗೆ ಕೇಂದ್ರದವರು ಒಂದು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಇಲ್ಲ, ತೆರಿಗೆಯಲ್ಲೂ ರಿಯಾಯಿತಿ. ಹೊಸ ಗಾಡಿ ಬೇಡವಾದವನು ಆ ಪತ್ರವನ್ನು ಬೇಕಾದವನಿಗೆ ಮಾರಬಹುದು. ಅದಕ್ಕಾಗಿ ಜಾಲತಾಣದಲ್ಲೇ ಒಂದು ಪೇಟೆ ತೆರೆದಿದ್ದಾರೆ. ಕೊಳ್ಳುವವನು ಗಾಡಿಯನ್ನೂ ನೋಡಿರುವುದಿಲ್ಲ, ಮಾರುವವನನ್ನೂ ನೋಡಿರುವುದಿಲ್ಲ. ದರ ಮಾತ್ರ ಕುದುರುತ್ತದೆ.