ಬಾನೆಟ್ಟಿನ ಕೆಳಗಿನ ಇತಿಹಾಸ

ಅಮೆರಿಕದಲ್ಲಿ 1960ರ ದಶಕದ ಮಸಲ್ ಕಾರುಗಳನ್ನು ಸಾಕುವವರ ನಡುವೆ ಮುಗಿಯದ ಜಗಳವೊಂದಿದೆ. ಐವತ್ತು ಅರವತ್ತು ವರ್ಷ ಹಳೆಯದಾದ ಕಾರಿನಿಂದ ಅದರ ಹುಟ್ಟು ಎಂಜಿನ್ ಇಳಿಸಿ, ಕಂಪ್ಯೂಟರ್ ನಿಯಂತ್ರಣದ ಹೊಸ ಎಂಜಿನ್ ಕೂರಿಸಬಹುದೇ? ಒಂದು ಗುಂಪಿಗೆ ಅದು ದೇವಸ್ಥಾನದ ಮೂಲವಿಗ್ರಹ ತೆಗೆದು ಬೇರೊಂದನ್ನು ಇಟ್ಟಂತೆ. ಇನ್ನೊಂದು ಗುಂಪು ಕೇಳುತ್ತದೆ: ಓಡದ ಕಾರಿಗೆ ಪೂಜೆ ಮಾಡಿ ಏನು ಪ್ರಯೋಜನ? ಎರಡೂ ಕಡೆಯವರು ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಇತಿಹಾಸ ಹೇಳುವುದು ಏನು ಎಂದು ನೋಡಹೊರಟರೆ, ಮೊದಲ ಗುಂಪಿಗೆ ಸ್ವಲ್ಪ ಮುಜುಗರವಾಗುವಂಥ ಸಂಗತಿಗಳೇ ಹೆಚ್ಚು ಸಿಗುತ್ತವೆ.

ಮಸಲ್ ಕಾರು ಎಂಬ ಜಾತಿ ಹುಟ್ಟಿದ್ದೇ ಎಂಜಿನ್ ಬದಲಾವಣೆಯಿಂದ. 1963ರಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ರೇಸಿನ ಕಡೆ ತಲೆ ಹಾಕಬೇಡಿ ಎಂದು ಕಟ್ಟಪ್ಪಣೆ ಮಾಡಿತ್ತು. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಇರಕೂಡದು ಎಂಬ ಕಟ್ಟಳೆಯೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರು ಒಂದು ಸರಳ ಸಂಗತಿ ಗಮನಿಸಿದರು: ಸಣ್ಣ ಕಾರಾದ ಟೆಂಪೆಸ್ಟ್‌ನ 326 ಘನ ಅಂಗುಲದ ಎಂಜಿನ್ನಿಗೂ ದೊಡ್ಡ ಕಾರುಗಳ 389ಕ್ಕೂ ಹೊರಗಿನ ಅಳತೆ ಒಂದೇ. ಅದೇ ಮೌಂಟುಗಳ ಮೇಲೆ ದೊಡ್ಡದನ್ನು ಇಳಿಬಿಟ್ಟರೆ ಕೂತುಬಿಡುತ್ತದೆ. ಹೊಸ ಮಾದರಿಯಾದರೆ ಮೇಲಿನವರ ಒಪ್ಪಿಗೆ ಬೇಕು. ಹಳೆಯ ಮಾದರಿಗೆ ಗಿರಾಕಿ ಬಯಸಿದರೆ ಸೇರಿಸುವ ‘ಆಯ್ಕೆ’ಯಾದರೆ ಬೇಡ. ಹೀಗೆ ಸುಮಾರು 300 ಡಾಲರಿನ ಆಯ್ಕೆಯ ವೇಷದಲ್ಲಿ 1964ರ ಮಾದರಿ ವರ್ಷಕ್ಕೆ ಜಿಟಿಒ ಬಂತು. ಹೆಸರನ್ನು ಫೆರಾರಿಯಿಂದ ಎತ್ತಿಕೊಂಡದ್ದು, ಅದೂ ನಾಚಿಕೆಯಿಲ್ಲದೆ. ಐದು ಸಾವಿರ ಮಾರಿದರೆ ಹೆಚ್ಚು ಎಂದುಕೊಂಡಿದ್ದರು, ಮೊದಲ ವರ್ಷವೇ 32,450 ಮಾರಿಹೋದವು.

ಈ ಬುದ್ಧಿ ಕಂಪನಿಯ ಕೋಣೆಯಲ್ಲಿ ಹುಟ್ಟಿದ್ದೂ ಅಲ್ಲ. ಎರಡನೆಯ ಮಹಾಯುದ್ಧದ ಮೊದಲೂ ಆಮೇಲೂ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ, ಮ್ಯೂರಾಕ್ ಎಲ್ ಮಿರಾಜ್‌ಗಳಲ್ಲಿ, ಹುಡುಗರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು ಓಡಿಸುತ್ತಿದ್ದರು. ಫೋರ್ಡ್ 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಗೆ ವಿ-8 ಎಂಜಿನ್ ಕೊಟ್ಟಿದ್ದರಿಂದ ಅವರಿಗೆ ಕಚ್ಚಾವಸ್ತು ಸಿಕ್ಕಿತ್ತು. 1955ರಲ್ಲಿ ಷೆವ್ರೊಲೆ 265 ಘನ ಅಂಗುಲದ ಹೊಸ ವಿ-8 ಹೊರತಂದಿತು. ಅದು ಹಗುರ, ಗಿಡ್ಡ, ಅಗ್ಗ. ಫೋರ್ಡಿನ ಮೈಗೆ ಷೆವ್ರೊಲೆ ಎಂಜಿನ್ ಕೂರಿಸುವುದು ಆಗಿನಿಂದ ಮಾಮೂಲಿಯಾಯಿತು. ಎರಡು ಮನೆತನಗಳ ಈ ಅಂತರ್ಜಾತಿ ವಿವಾಹಕ್ಕೆ ಇಂದಿಗೂ ಮುಖ ಸಿಂಡರಿಸುವ ಫೋರ್ಡ್ ಭಕ್ತರಿದ್ದಾರೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. ಪೆನ್ಸಿಲ್ವೇನಿಯಾದಲ್ಲಿ ಡಾನ್ ಯೆಂಕೊ ಎಂಬ ಷೆವ್ರೊಲೆ ಡೀಲರ್ ಇದ್ದರು, ಸ್ವತಃ ರೇಸ್ ಓಡಿಸುವವರು. ಕಂಪನಿ ತನ್ನ ಕಮಾರೊ ಕಾರಿಗೆ 427 ಘನ ಅಂಗುಲದ ಎಂಜಿನ್ ಕೊಡಲು ಒಪ್ಪದಿದ್ದಾಗ, 1967ರಲ್ಲಿ ಯೆಂಕೊ ತಮ್ಮ ಷೆಡ್ಡಿನಲ್ಲೇ ಹೊಸ ಕಾರುಗಳ ಎಂಜಿನ್ ಇಳಿಸಿ 427 ಕೂರಿಸಿ ಮಾರತೊಡಗಿದರು. 1969ರ ಹೊತ್ತಿಗೆ ವಿಶೇಷ ಆದೇಶದ ದಾರಿಯಲ್ಲಿ ಕಾರ್ಖಾನೆಯೇ ಅದನ್ನು ಜೋಡಿಸಿ ಕಳಿಸುತ್ತಿತ್ತು. ಇಂದು ಹರಾಜುಗಳಲ್ಲಿ ಸಂಗ್ರಾಹಕರು ಮುಗಿಬೀಳುವ ‘ಅಪ್ಪಟ’ ಕಾರುಗಳಲ್ಲಿ ಯೆಂಕೊ ಕಮಾರೊ ಒಂದು. ಡೀಲರನ ಷೆಡ್ಡಿನಲ್ಲಿ ನಡೆದ ಬದಲಾವಣೆಗೆ ಐವತ್ತು ವರ್ಷ ಕಳೆದರೆ ಅದು ಮೂಲವಾಗುತ್ತದೆ, ಪಕ್ಕದ ಮನೆಯವನು ಕಳೆದ ವಾರ ಮಾಡಿದ ಅದೇ ಕೆಲಸ ಮಾತ್ರ ಅಪಚಾರ. ಈ ತರ್ಕ ನನಗೆ ಪೂರ್ತಿ ಅರ್ಥವಾಗಿಲ್ಲ.

ಮಸಲ್ ಕಾರುಗಳ ವೈಭವ ಹತ್ತು ವರ್ಷವೂ ಬಾಳಲಿಲ್ಲ. ವಿಮಾ ಕಂಪನಿಗಳು ಕಂತು ಏರಿಸಿದವು, 1970ರ ಶುದ್ಧ ಗಾಳಿ ಕಾಯಿದೆ ಹೊಗೆಗೆ ಮಿತಿ ಹಾಕಿತು, 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗಲೆಂದು ಎಂಜಿನ್ನುಗಳ ಕಂಪ್ರೆಷನ್ ಇಳಿಸಿದರು. 1972ರಲ್ಲಿ ಅಶ್ವಶಕ್ತಿ ಅಳೆಯುವ ಕ್ರಮವೂ ಬದಲಾಯಿತು. ಅದಕ್ಕೂ ಮೊದಲು ಬರಿಯ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆಯುತ್ತಿದ್ದರು, ಈಗ ಫ್ಯಾನು ಸೈಲೆನ್ಸರುಗಳ ಸಮೇತ. ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ 1971ರಲ್ಲಿ 330 ಅಶ್ವಶಕ್ತಿಯದು, ಮರುವರ್ಷ ಕಾಗದದ ಮೇಲೆ 255. ಹಳೆಯ ಕಾಲದ ದೊಡ್ಡ ಸಂಖ್ಯೆಗಳಲ್ಲಿ ಒಂದು ಪಾಲು ಬಡಾಯಿ ಎಂಬುದನ್ನು ನೆನಪಿಡಬೇಕು. ಹೊಸ ಎಂಜಿನ್ ಕೂರಿಸಿದವರು ಮೊದಲ ದಿನ ಬೆಚ್ಚಿಬೀಳುವುದು ಅದಕ್ಕೇ.

ಆ ಹೊಸ ಎಂಜಿನ್ ಹೆಚ್ಚಿನ ಸಲ ಎಲ್‌ಎಸ್ ಕುಟುಂಬದ್ದು. 1997ರ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್1: 5.7 ಲೀಟರ್, ಅಲ್ಯೂಮಿನಿಯಂ ಬ್ಲಾಕ್, 345 ಅಶ್ವಶಕ್ತಿ. ಹಳೆಯ ಎರಕದ ಕಬ್ಬಿಣದ ಬಿಗ್ ಬ್ಲಾಕಿಗಿಂತ ಸುಮಾರು 100 ಕಿಲೋ ಹಗುರ. ಕ್ಯಾಮ್‌ಶಾಫ್ಟ್ ಹಳೆಯ ಕ್ರಮದಲ್ಲೇ ಬ್ಲಾಕಿನೊಳಗೆ ಇದ್ದುದರಿಂದ ಅಗಲ ಕಡಿಮೆ, ಹಳೆಯ ಬಾನೆಟ್ಟಿನಡಿ ಸಲೀಸಾಗಿ ಹಿಡಿಸುತ್ತದೆ. ಇದರ ಕಬ್ಬಿಣದ ಬ್ಲಾಕಿನ ತಮ್ಮಂದಿರನ್ನು 1999ರಿಂದ ಲಕ್ಷಗಟ್ಟಲೆ ಪಿಕಪ್ ಟ್ರಕ್‌ಗಳಿಗೆ ಹಾಕಿದರು. ಟ್ರಕ್ಕುಗಳು ಅಪಘಾತಕ್ಕೀಡಾಗಿ ಗುಜರಿ ಸೇರಿದಾಗ ಎಂಜಿನ್ನುಗಳು ಅಗ್ಗಕ್ಕೆ ಸಿಕ್ಕವು. ಹಾಗಾಗಿ ಇವತ್ತು ರಸ್ತೆಯಲ್ಲಿ ಗುಡುಗುವ ಎಷ್ಟೋ ಕಮಾರೊಗಳೊಳಗೆ ಇರುವುದು ಯಾರೋ ಮರಳು ಸಿಮೆಂಟು ಹೊತ್ತ ಟ್ರಕ್ಕಿನ ಎಂಜಿನ್.

ಕೂರಿಸುವ ಕೆಲಸ ಹೇಳಿದಷ್ಟು ಸುಲಭವಲ್ಲ. ಟ್ರಕ್ಕಿನ ಆಯಿಲ್ ಸಂಪ್ ಆಳವಾದ್ದು, ಹಳೆಯ ಕಾರಿನ ಅಡ್ಡಪಟ್ಟಿಗೆ ಬಡಿಯುತ್ತದೆ. ಅದನ್ನು ಬದಲಿಸಬೇಕು. ಕಾರ್ಬ್ಯುರೇಟರಿಗೆ ಪೆಟ್ರೋಲು ಐದಾರು ಪಿಎಸ್‌ಐ ಒತ್ತಡದಲ್ಲಿ ಬಂದರೆ ಸಾಕಿತ್ತು, ಇಂಜೆಕ್ಷನ್ನಿಗೆ 58 ಬೇಕು. ಎಂದರೆ ಟ್ಯಾಂಕಿನೊಳಗೆ ವಿದ್ಯುತ್ ಪಂಪು, ಹೊಸ ಪೈಪುಗಳು, ತಿರುವಿನಲ್ಲಿ ಪೆಟ್ರೋಲು ಒಂದು ಪಕ್ಕಕ್ಕೆ ಸರಿಯದಂತೆ ಟ್ಯಾಂಕಿನಲ್ಲಿ ಅಡ್ಡತಡೆಗಳು. ಆಮೇಲೆ ತಂತಿಗಳ ಜಡೆ. ಕಂಪ್ಯೂಟರು ತಾನಿನ್ನೂ ಟ್ರಕ್ಕಿನಲ್ಲೇ ಇದ್ದೇನೆ ಎಂದು ನಂಬಿರುತ್ತದೆ. ತನಗೆ ಗೊತ್ತಿರುವ ಕೀಲಿ ಸಿಗದಿದ್ದರೆ ಇದು ಕಳ್ಳತನ ಎಂದು ಎಂಜಿನ್ ನಿಲ್ಲಿಸಿಬಿಡುತ್ತದೆ. ಆ ನೆನಪುಗಳನ್ನು ಒಂದೊಂದಾಗಿ ಅಳಿಸಬೇಕು. ಇಷ್ಟಾದರೂ ಡ್ರಮ್ ಬ್ರೇಕು ಹಾಗೇ ಉಳಿಸಿಕೊಂಡವರು ಬೇಗ ಪಶ್ಚಾತ್ತಾಪ ಪಡುತ್ತಾರೆ.

ಫೋರ್ಡಿನವರ ಕಷ್ಟ ಇನ್ನೂ ಹೆಚ್ಚು. 2011ರ ಮಾದರಿಯ ಮಸ್ಟಾಂಗಿನೊಂದಿಗೆ ಬಂದ 5 ಲೀಟರಿನ ‘ಕಯೋಟಿ’ ಎಂಜಿನ್ನಿನ ತಲೆಯ ಮೇಲೆ ನಾಲ್ಕು ಕ್ಯಾಮ್‌ಶಾಫ್ಟುಗಳು. ಅದು ಮಹಾ ಅಗಲ. 1960ರ ದಶಕದ ಮಸ್ಟಾಂಗಿನಲ್ಲಿ ಷಾಕ್ ಅಬ್ಸಾರ್ಬರ್ ಹಿಡಿದಿಡುವ ಗೋಪುರಗಳು ಎರಡೂ ಬದಿಯಿಂದ ಒಳಗೆ ಚಾಚಿರುತ್ತವೆ. ಅವನ್ನು ಕತ್ತರಿಸದೆ, ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸದೆ ಎಂಜಿನ್ ಕೂರುವುದಿಲ್ಲ. ಇಲ್ಲಿಗೆ ಬರುವಾಗ ನನಗೂ ಮನಸ್ಸು ಹಿಂಜರಿಯುತ್ತದೆ. ಬೋಲ್ಟು ಬಿಚ್ಚಿದ್ದನ್ನು ಮತ್ತೆ ಹಾಕಬಹುದು, ಕತ್ತರಿಸಿದ ಲೋಹದ ವಿಷಯ ಹಾಗಲ್ಲ.

ನಮ್ಮಲ್ಲೂ ಎಂಜಿನ್ ಬದಲಾವಣೆ ಹೊಸತಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿದ್ದು ಹಳಬರಿಗೆ ನೆನಪಿರುತ್ತದೆ. ಅಲ್ಲಿ ‘ಮೂಲ’ದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ, ಲೀಟರಿಗೆ ಎಷ್ಟು ಕೊಡುತ್ತದೆ ಎಂದಷ್ಟೇ ಕೇಳಿದರು.

ಅಮೆರಿಕದಲ್ಲಿ ಆ ಪ್ರಶ್ನೆಗೆ ಬೆಲೆ ಕಟ್ಟಿದ್ದು ಹರಾಜುಕಟ್ಟೆ. ಕಾರಿನ ಸರಣಿ ಸಂಖ್ಯೆಯ ಒಂದು ಭಾಗವನ್ನು ಎಂಜಿನ್ ಬ್ಲಾಕಿನ ಮೇಲೂ ಒತ್ತುತ್ತಿದ್ದರು. ಎರಡೂ ತಾಳೆಯಾದರೆ ಬೆಲೆ ಏರುತ್ತದೆ. ಹಾಗಾಗಿ ಬೇರೆ ಬ್ಲಾಕಿನ ಮೇಲೆ ಹಳೆಯ ಅಂಕಿ ಒತ್ತಿಸುವ ಕಸುಬೂ ಹುಟ್ಟಿತು. ‘ಬುಲ್ಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ 1968ರ ಮಸ್ಟಾಂಗ್ 2020ರ ಜನವರಿಯಲ್ಲಿ 37.4 ಲಕ್ಷ ಡಾಲರಿಗೆ ಮಾರಾಟವಾದಾಗ ಅದರ ಬಣ್ಣ ಮಾಸಿತ್ತು, ಮೈ ತುಕ್ಕು ಹಿಡಿದಿತ್ತು. ಆ ತುಕ್ಕಿಗೂ ಸೇರಿಯೇ ಕೊಟ್ಟ ಹಣ ಅದು. ಅಂಥ ಕಾರಿನ ಒಂದು ನಟ್ಟನ್ನೂ ಮುಟ್ಟಬಾರದು ಎಂದು ನಾನೂ ಒಪ್ಪುತ್ತೇನೆ. ಆದರೆ ಎಂಜಿನ್ ಎಂದೋ ಕಳೆದುಹೋಗಿ, ಕೊಟ್ಟಿಗೆಯಲ್ಲಿ ಕೋಳಿ ಮಲಗುತ್ತಿದ್ದ ಸಾದಾ ಕಮಾರೊ ಒಂದರಲ್ಲಿ ಕಾಪಾಡಬೇಕಾದ ಮೂಲ ಯಾವುದು?

ಬದಲಿಸುವವರ ಮನಸ್ಸೂ ಪೂರ್ತಿ ಹೊಸತರ ಕಡೆಗೆ ಇರುವುದಿಲ್ಲ ಎಂಬುದು ತಮಾಷೆ. ನಯವಾಗಿ ಗುನುಗುವ ಹೊಸ ಎಂಜಿನ್ನಿಗೆ ಒರಟು ಕ್ಯಾಮ್‌ಶಾಫ್ಟ್ ಹಾಕಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ಹಳೆಯದರಂತೆ ತಡವರಿಸಿ ಗುಡುಗುವ ಹಾಗೆ ಮಾಡಿಸುತ್ತಾರೆ. ಇಗ್ನಿಷನ್ ಕಾಯಿಲ್‌ಗಳನ್ನು ಮರೆಮಾಡಿ ಮೇಲೆ 1960ರ ದಶಕದ ಮಾದರಿಯ ಮುಚ್ಚಳ ಕೂರಿಸುತ್ತಾರೆ. ಇನ್ನು ಇಳಿಸಿದ ಹಳೆಯ ಎಂಜಿನ್? ಬುದ್ಧಿವಂತರು ಅದನ್ನು ಗುಜರಿಗೆ ಹಾಕುವುದಿಲ್ಲ. ಎಣ್ಣೆ ಸವರಿ, ಪ್ಲಾಸ್ಟಿಕ್ ಹೊದಿಸಿ, ಸ್ಟ್ಯಾಂಡಿಗೆ ಬಿಗಿದು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಮುಂದೊಂದು ದಿನ ಕಾರು ಮಾರಬೇಕಾಗಿ ಬಂದರೆ ಅದೂ ಜೊತೆಗೆ ಹೋಗುತ್ತದೆ.